ಆಗು ಅಂದರೆ ನಿಲ್ಲುವ ನಾಯಿ

ಕಲ್ಯಾಣದುರ್ಗದ ಹೊರಗೆ, ಒಣಗಿದ ಕೆರೆಯಂಗಳದಲ್ಲಿ ನಾಯಿಬಂಡಿ ಪಂದ್ಯ ನಡೆದದ್ದು ಎಂಬತ್ತರ ದಶಕದಲ್ಲಿ. ಯಾವ ವರ್ಷ ಎಂದರೆ ಚಿಕ್ಕಪ್ಪ ಒಂದು ಹೇಳುತ್ತಾನೆ, ನಾನು ಇನ್ನೊಂದು. ಎರಡೂ ತಪ್ಪಿರಬಹುದು.

ಚಿಕ್ಕಪ್ಪನದು ಹಿಂದೂಪುರದಲ್ಲಿ ಸೈಕಲ್ ಶಾಪು. ಹಳೆಯ ಎರಡು ಚಕ್ರಗಳ ಮೇಲೆ ಹಲಗೆ ಕೂರಿಸಿ ಬಂಡಿ ಮಾಡಿದ. ಮಂಚದ ನವಾರ ಕತ್ತರಿಸಿ ನಾಯಿಗೆ ಎದೆಪಟ್ಟಿ ಹೊಲಿದ. ನಾಯಿ ಮಾತ್ರ ಅವನದಲ್ಲ. ಕುಂದುರ್ಪಿ ಕಡೆಯ ಕುರಿಗಾಹಿಯೊಬ್ಬ ಪಂದ್ಯದವರೆಗೆಂದು ಬಿಟ್ಟುಹೋಗಿದ್ದ.

"ಗೆದ್ರೆ ನಾಯಿ ನಿಂದೇ ಕಣಪ್ಪ. ಸೋತ್ರೆ ನನ್ನ ಕುರಿ ಹಿಂದೆ ಬತ್ತದೆ."

ಚಿಕ್ಕಪ್ಪ ಅದಕ್ಕೆ ತನ್ನ ತಟ್ಟೆಯಿಂದಲೇ ಮುದ್ದೆ ಮುರಿದು ಹಾಕುತ್ತಿದ್ದ. ಅವನಿಗೆ ಅದು ಬೇಕೇ ಬೇಕಾಗಿತ್ತು.

ನಾಯಿಗೆ ಬರುತ್ತಿದ್ದದ್ದು ತೆಲುಗು. "ಪದ" ಅಂದರೆ ಹೊರಡುತ್ತಿತ್ತು, "ಆಗು" ಅಂದರೆ ನಿಲ್ಲುತ್ತಿತ್ತು. ಚಿಕ್ಕಪ್ಪ ಅದನ್ನು ಬದಲಿಸಲು ಹೋಗಲಿಲ್ಲ.

ಅಜ್ಜಿಗೆ ಇದೆಲ್ಲ ಸೇರುತ್ತಿರಲಿಲ್ಲ. "ಕುರಿ ಕಾಯೋ ನಾಯಿನ ಗಾಡಿಗೆ ಕಟ್ತೀಯಲ್ಲೋ, ನಾಳೆ ಕೋಳಿ ಕೈಲಿ ಸೀರೆ ನೇಯಿಸ್ತೀಯಾ?" ಎಂದು ಮಗನನ್ನು ಹಂಗಿಸಿದಳು. ಪಂದ್ಯದ ದಿನ ಬಸ್ಸಿಗೆ ಮೊದಲು ಹತ್ತಿದವಳೂ ಅವಳೇ.

ಬಂಡಿಯಲ್ಲಿ ಅರ್ಧ ಮೂಟೆ ಕಡಲೆಕಾಯಿ, ಪಕ್ಕದಲ್ಲಿ ಓಡುವ ಯಜಮಾನ: ಇದು ಪಂದ್ಯದ ಕ್ರಮ. ಕೊನೆಯ ಸುತ್ತಿಗೆ ಎರಡೇ ಬಂಡಿ ಉಳಿದವು. ನಮ್ಮದು ಮುಂದಿತ್ತು. ಇದೊಂದರಲ್ಲಿ ಎಲ್ಲರ ನೆನಪೂ ಒಂದೇ, ಅದಕ್ಕೇ ನನಗೆ ಅನುಮಾನ. ಗೆರೆಗೆ ಕೆಲವೇ ಮಾರು ದೂರವಿದ್ದಾಗ, ನನ್ನ ಪಕ್ಕ ನಿಂತಿದ್ದ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು.

"ಹೂಂ, ಆಗ್ಲಿ ಕಣ್ಲಾ, ಆಗ್ಲಿ."

ಕನ್ನಡದಲ್ಲಿ ಅದು ಅವಸರಪಡಿಸುವ ಮಾತು. ನಾಯಿಗೆ ಅದರ ಮೊದಲರ್ಧ ಸಾಕಾಯಿತು. ನಿಂತುಬಿಟ್ಟಿತು. ಬಂಡಿ ವಾಲಿ ಮೂಟೆ ಬಿಚ್ಚಿಕೊಂಡಿತು. ಹಿಂದಿನ ಬಂಡಿ ನಮ್ಮನ್ನು ದಾಟಿ ಗೆರೆ ಮುಟ್ಟಿತು.

"ನಾನೇನಂದೆ? ಆಗ್ಲಿ ಅಂದೆ, ಅಷ್ಟೇ."

"ಅದೇ ಆಗಿದ್ದು ಕಣಮ್ಮ," ಎಂದ ಚಿಕ್ಕಪ್ಪ.

ಪಂದ್ಯ ನೋಡಲು ಬಂದಿದ್ದ ಕುರಿಗಾಹಿ ನಗಲಿಲ್ಲ. ಬಂಡಿಯ ಹಗ್ಗ ಬಿಚ್ಚಿ "ಪದ" ಎಂದ. ನಾಯಿ ಅವನ ಹಿಂದೆ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಚಿಕ್ಕಪ್ಪ ಮೆಲ್ಲಗೆ "ಆಗು" ಎಂದ.

ನಾಯಿ ನಿಂತಿತು. ಕುರಿಗಾಹಿಯೂ ನಿಂತ.

ಚಿಕ್ಕಪ್ಪ ಹೋಗಿ ಕೂತು, ನವಾರದ ಎದೆಪಟ್ಟಿ ಕಳಚಿದ. ಮೈಮೇಲೆ ಪಟ್ಟಿ ಒತ್ತಿದ್ದ ಕಡೆ ಕೂದಲು ಮಲಗಿತ್ತು. ಅಲ್ಲಿ ಒಮ್ಮೆ ಉಜ್ಜಿದ. ಆಮೇಲೆ ತಾನೇ "ಪದ" ಎಂದ.

ಅದು ತಿರುಗಿ ನೋಡಿತು ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ನಾನು ಚೆಲ್ಲಿದ ಕಡಲೆಕಾಯಿ ಆರಿಸುತ್ತಿದ್ದೆ.