ಹೊಸ್ತಿಲಿಲ್ಲದ ಬಾಗಿಲು

ಶಹಾಪುರದಲ್ಲಿ ಮನೆ ಕಟ್ಟಿಸುವಾಗ ಹಿತ್ತಲಿಗೆ ಸರಿಸುವ ಗಾಜಿನ ಬಾಗಿಲೇ ಬೇಕೆಂದು ಹಟ ಹಿಡಿದವನು ನಾನು. ಬೆಳಕು ಬರುತ್ತದೆ, ಜಾಗ ಉಳಿಯುತ್ತದೆ ಎಂದೆ. ಅವ್ವ ಅದನ್ನು ಮೇಲಿಂದ ಕೆಳಗೆ ನೋಡಿ, "ಇದಕ ಹೊಸ್ತಲಾನೇ ಇಲ್ಲಲ್ಲೋ" ಎಂದಳು. ನಾನು ನಕ್ಕುಬಿಟ್ಟೆ.

ಒಂದೆರಡು ವರ್ಷಕ್ಕೆ ಬಾಗಿಲು ಬಿಗಿಯಾಯಿತು. ಅಷ್ಟರಲ್ಲಿ ಅವ್ವನ ಬಲಗೈ ಮುರಿದು ಕೂಡಿತ್ತು, ಮೊದಲಿನ ಕಸುವು ಬಂದಿರಲಿಲ್ಲ. ಅವಳ ಜೀವವೆಲ್ಲ ಹಿತ್ತಲಲ್ಲಿ: ಅಲ್ಲಿ ಕರಿಬೇವು, ಬಿಸಿಲಿಗೆ ಹಾಕಿದ ಮೆಣಸಿನಕಾಯಿ, ಗೋಡೆಯಾಚೆ ಮಾತಿಗೆ ನಿಲ್ಲುವ ಪಕ್ಕದ ಮನೆಯಾಕೆ. ಬಾಗಿಲು ತೆಗೆದುಕೊಡು ಎಂದು ನನ್ನನ್ನು ಕೇಳಲು ಮಾತ್ರ ಅವಳು ತಯಾರಿಲ್ಲ. "ನಮ್ಮ ಮನ್ಯಾಗ ನಾ ಹೊರಗ ಹೋಗಾಕ ಯಾರನ್ನ ಕೇಳ್ಲಿ?" ಎಂದು ಒಳಗೇ ಕೂತಳು. ಆ ಮಾತು ನನಗೆ ಚುಚ್ಚಿತು.

ಒಂದು ಭಾನುವಾರ ಪಕ್ಕದ ಮನೆಯಾಕೆಯ ಗಂಡನನ್ನು ಕರೆದು ಬಾಗಿಲನ್ನು ಎತ್ತಿ ಕಳಚಿ, ನೆಲಕ್ಕೆ ಹಾಸಿದ ಕೌದಿಯ ಮೇಲೆ ಮಲಗಿಸಿದೆವು. ತಳದ ಗಾಲಿಗಳು ಒಂದು ಬದಿ ಸವೆದು ಚಪ್ಪಟೆಯಾಗಿದ್ದವು. ಸುತ್ತ ಬಿಳಿ ಬೆರೆತ ಹಳದಿ ಬಣ್ಣದ ಗಟ್ಟಿ ಅಂಟು. ಗ್ರೀಸ್ ಇರಬೇಕೆಂದುಕೊಂಡೆ. ಅರ್ಧ ಬಿಳಿ, ಅರ್ಧ ಹಳದಿಯ ಗ್ರೀಸನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ. ಗಾಲಿಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಯಾದಗಿರಿಗೆ ಹೋದೆ. "ಸಿಂಗಲ್ ಗಾಲೀದು ಬೇಕೇನ್ರಿ, ಡಬಲ್ ಬೇಕೇನ್ರಿ?" ಎಂದ ಅಂಗಡಿಯವ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಎರಡೂ ತಂದೆ. ಹೊಸ ಗಾಲಿ ಕೂರಿಸಿ ಒಂದು ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಕ್ಕೆ ವಾಲುತ್ತಿತ್ತು, ಇನ್ನೊಂದು ತಿರುಗಿಸಿದರೆ ಬಲಕ್ಕೆ. ಹೇಗೋ ನೆಟ್ಟಗೆ ನಿಂತು ಸರಿಯತೊಡಗಿತು.

ದೀಪಾವಳಿ ಹೊತ್ತಿಗೆ ಮತ್ತೆ ಬಿಗಿ. ಮತ್ತೆ ಕಳಚಿದರೆ ಹೊಸ ಗಾಲಿಗಳ ಮೇಲೂ ಅದೇ ಹಳದಿ ಅಂಟು. ಈ ಸಲ ನಾನು ಗ್ರೀಸ್ ಹಚ್ಚಿರಲೇ ಇಲ್ಲ. ನನ್ನ ತಲೆ ಕೆಟ್ಟುಹೋಯಿತು. ತೊಳೆದು ಮತ್ತೆ ಕೂರಿಸಿದೆ.

ಸಾಮಾನ್ಯವಾಗಿ ನಾನು ಏಳುವಷ್ಟರಲ್ಲಿ ಅವ್ವನ ಸ್ನಾನ, ಪೂಜೆ ಎಲ್ಲ ಮುಗಿದಿರುತ್ತವೆ. ಒಂದು ಬೆಳಿಗ್ಗೆ ನೀರು ಕುಡಿಯಲು ಎದ್ದಾಗ ಅವಳು ಗಾಜಿನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಗಾಲಿ ಓಡುವ ಪಟ್ಟಿಗೆ ನೀರು ಚಿಮುಕಿಸಿ, ಅರಿಶಿನ ಕುಂಕುಮ ಹಚ್ಚಿ, ಅದರುದ್ದಕ್ಕೂ ರಂಗೋಲಿ ಪುಡಿಯ ಗೆರೆ ಬಿಡುತ್ತಿದ್ದಳು.

"ಏನ್ ಮಾಡಾಕತ್ತಿ ಬೇ?"

"ಕಾಣವಲ್ದೇನು? ಹೊಸ್ತಲ ಪೂಜಿ."

"ಅದು ಹೊಸ್ತಲಲ್ಲ, ಗಾಲಿ ಓಡೂ ಪಟ್ಟಿ."

"ದಾಟೂ ಜಾಗ ಎಲ್ಲಾ ಹೊಸ್ತಲಾನೇ."

ರಂಗೋಲಿ ಎಂದರೆ ಕಲ್ಲಿನ ಪುಡಿ, ಅದೇ ಗಾಲಿಯನ್ನು ತಿನ್ನುತ್ತಿದೆ ಎಂದು ಬಿಡಿಸಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಮರುದಿನದಿಂದ ಪೂಜೆ ನಿಂತಿತು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಪಟ್ಟಿ ತಿಕ್ಕಿ, ಮತ್ತೊಮ್ಮೆ ಹೊಸ ಗಾಲಿ ಹಾಕಿದೆ. ಬಾಗಿಲು ಕಿರುಬೆರಳಿಗೂ ಸರಿಯಿತು. ನಾನು ಗೆದ್ದೆ ಎಂದುಕೊಂಡೆ.

ಆದರೆ ಅವ್ವ ಹೊರಗೆ ಹೋಗಲಿಲ್ಲ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ, "ದೊಡ್ಡವ್ವಾರು ಕಾಣವಲ್ರು, ನನ್ನ ಮ್ಯಾಲ ಸಿಟ್ಟೇನ್ರಿ?" ಎಂದಳು. ನಾನು ಒಳಗೆ ಬಂದೆ. ಬಿಗಿಯಿದ್ದಾಗ ಹೋಗಲಾಗಲಿಲ್ಲ, ಸರಿ. ಈಗೇನು? ಸಿಟ್ಟಿನಿಂದಲೇ ಅವ್ವನನ್ನು ಕೇಳಿದೆ.

"ಏನೂ ಹಚ್ಚಲಾರದ ಹೊಸ್ತಲ ಹ್ಯಾಂಗ ದಾಟ್ಲಿ? ಸತ್ತ ಮನಿ ಹಂಗ ಕಾಣತದ" ಎಂದಳು.

ನನಗೆ ಅಳು ಬರುವಂತಾಯಿತು. ಇದಕ್ಕೆ ಯಾವ ಗಾಲಿ ತರಲಿ?

ಮನೆ ಕಟ್ಟಿದಾಗ ಉಳಿದಿದ್ದ ಶಹಾಬಾದ್ ಕಲ್ಲಿನ ಒಂದು ತುಂಡನ್ನು ಮಾಳಿಗೆಯಿಂದ ಇಳಿಸಿದೆ. ಪಟ್ಟಿಯ ಈಚೆಗೆ, ಪೂಜೆಯ ನೀರು ಪಟ್ಟಿಗೆ ಇಳಿಯದೆ ಒಳಬದಿಗೇ ಹರಿಯುವಂತೆ ತುಸು ಇಳಿಜಾರಾಗಿ ಸಿಮೆಂಟು ಹಾಕಿ ಕೂರಿಸಿದೆ. ಅವ್ವ ಖುರ್ಚಿಯಲ್ಲಿ ಕೂತು ನೋಡಿದಳು, ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಇದೂ ತಪ್ಪಾಯಿತೇನೋ ಎಂದುಕೊಂಡೆ.

ಸಿಮೆಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಅರಿಶಿನ, ಕುಂಕುಮ, ರಂಗೋಲಿಯ ಎಳೆ ಕಂಡವು. ಪಟ್ಟಿ ಖಾಲಿ ಇತ್ತು. ಅವ್ವ ಎಡಗೈಯಿಂದ ಬಾಗಿಲು ಸರಿಸಿ, ಕಲ್ಲು ದಾಟಿ ಹೊರಗೆ ಹೋದಳು. ಆಮೇಲೆ ಹಿಂದೆ ತಿರುಗಿ ಹೊರಗಿನಿಂದ ಬಾಗಿಲು ತಾನೇ ಎಳೆದುಕೊಂಡಳು. ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ತಲೆ ಕಾಣಿಸಿತು. ಇಬ್ಬರೂ ಬಹಳ ಹೊತ್ತು ಕೈ ಆಡಿಸಿ ಮಾತಾಡಿದರು. ಗಾಜಿನ ಈಚೆ ನಿಂತ ನನಗೆ ಒಂದು ಮಾತೂ ಕೇಳಿಸಲಿಲ್ಲ.