ನಾಯಿಗೆ ಹೇಳ್ಬಿಟ್ಟು ಹೋಗಿ

ಎಪ್ಪತ್ತರ ದಶಕದಲ್ಲಿ ಮುಳಬಾಗಿಲಿನ ನಮ್ಮ ಬೀದಿಯವರು ತಿರುಪತಿಗೆ ಹೊರಟರೆ, ಸಾಕಿದ ನಾಯಿಯನ್ನು ನಮ್ಮ ಪಕ್ಕದ ಮನೆಯ ಅಜ್ಜಿಯ ಬಳಿ ಬಿಟ್ಟುಹೋಗುತ್ತಿದ್ದರು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ರಾ ಬಂಗಾರು" ಎಂದು ತೆಲುಗಿನಲ್ಲಿ ಕರೆದು, ಮಜ್ಜಿಗೆಯಲ್ಲಿ ರಾಗಿಮುದ್ದೆ ಕಿವುಚಿ ಇಡುತ್ತಿದ್ದರು. ಅವರದು ಒಂದೇ ಷರತ್ತು: "ಎಲ್ಲಿಗೆ ಹೋಗ್ತಿದೀರಾ ಅಂತ ನಾಯಿಗೆ ಹೇಳ್ಬಿಟ್ಟು ಹೋಗಿ." ಎಂಥ ದೊಡ್ಡವರಾದರೂ ಕುಕ್ಕರಗಾಲಲ್ಲಿ ಕೂತು, ನಾಯಿಗೆ ಹೇಳಿಯೇ ಬಸ್ಸು ಹತ್ತಬೇಕು.

ಎದುರುಮನೆಯ ರೈಸ್ ಮಿಲ್ಲಿನ ಸಾಹುಕಾರರು ಮಾತ್ರ ಒಪ್ಪಲಿಲ್ಲ. "ನಾಯಿ ಹತ್ರ ಅಪ್ಪಣೆ ತಗೊಂಡು ಹೋಗ್ಬೇಕಾ ನಾನು?" ಎಂದು ಹುರಿಮೀಸೆ ತಿರುವಿ, ತಮ್ಮ ನಾಯಿ ಟೈಗರನ್ನು ಬಿಟ್ಟು ನಡೆದರು.

ವಾಪಸ್ ಬಂದಾಗ ಮೀಸೆ ಇರಲಿಲ್ಲ. ನುಣ್ಣನೆಯ ತಲೆಯ ತುಂಬ ಗಂಧ ಬಳಿದಿತ್ತು. ಟೈಗರ್ ಅಜ್ಜಿಯ ಮನೆ ಗೇಟಿಗೇ ನೆಗೆದು ಬೊಗಳಿತು. ಒಡೆಯನನ್ನೇ ಒಳಗೆ ಬಿಡಲಿಲ್ಲ. ಬೀದಿಯ ಜನವೆಲ್ಲ ಸೇರಿತು.

ಅಜ್ಜಿ ಬಾಯಿಗೆ ಸೆರಗು ಹಿಡಿದು ನಗುತ್ತ, "ಈಗ್ಲಾದ್ರೂ ಹೇಳಿ ಸಾಹುಕಾರ್ರೇ" ಎಂದರು.

ಸಾಹುಕಾರರು ಪಂಚೆ ಎತ್ತಿಕೊಂಡು ಬೀದಿಯಲ್ಲೇ ಕುಕ್ಕರಿಸಿದರು. "ಲೇ ಟೈಗರ್, ನಾನೇ ಕಣೋ. ತಿರುಪತಿಗೆ ಹೋಗಿದ್ದೆ. ಮುಡಿ ಕೊಟ್ಟು ಬಂದೆ."

ದನಿ ಕೇಳಿದ್ದೇ ತಡ, ಟೈಗರ್ ಬಾಲ ಆಡಿಸುತ್ತ ಕುಂಯ್‌ಗುಟ್ಟಿತು. ಅಜ್ಜಿ ಗೇಟು ತೆಗೆದರು. ಅದು ಸಾಹುಕಾರರ ಮೇಲೆ ಹಾರಿ, ಬೋಳುತಲೆಯ ಗಂಧವನ್ನೆಲ್ಲ ನೆಕ್ಕಿಬಿಟ್ಟಿತು.

ಆಮೇಲೆ ಸಾಹುಕಾರರು ಸಂತೆಗೆ ಹೊರಟರೂ ಟೈಗರ್‌ಗೆ ಹೇಳಿಯೇ ಹೋಗುತ್ತಿದ್ದರು. ಒಂದು ದಿನ ಅವರ ಹೆಂಡತಿ ಅಜ್ಜಿಯ ಮನೆಗೆ ಬಂದು ಗೊಣಗಿದರು:

"ಅಮ್ಮಾ, ನಂಗೂ ಒಂದ್ಮಾತು ಹೇಳ್ಬಿಟ್ಟು ಹೋಗಿ ಅಂತ ಹೇಳಿ ನಮ್ ಯಜಮಾನ್ರಿಗೆ."