ದಾರಿ ಬಿಡಲು ಇಳಿದ ಅತ್ತೆ

ನಾವು ಇಂಟರ್‌ಲಾಕನ್ ಸ್ಟೇಷನ್ನಿನಿಂದ ಹಿಮದ ಬೆಟ್ಟ ನೋಡಲು ಹೊರಟಾಗ ಮಳೆ ಹನಿಯುತ್ತಿತ್ತು. ಸ್ವಿಟ್ಜರ್ಲೆಂಡಿಗೆ ಬಂದು ಅದು ಮೂರನೆಯ ದಿನ. ಕತಾರಿನಲ್ಲಿರುವ ನನ್ನ ಗಂಡನಿಗೆ ಕೊನೆಯ ಗಳಿಗೆಯಲ್ಲಿ ರಜೆ ಸಿಗಲಿಲ್ಲ. ಮಾಡಿಸಿದ ಟಿಕೆಟು ಹಾಳಾಗಬಾರದೆಂದು ಕಾಪುವಿನಿಂದ ನಾನು ಮತ್ತು ಅತ್ತೆ ಇಬ್ಬರೇ ಬಂದಿದ್ದೆವು. "ಅಮ್ಮನನ್ನು ಒಂದು ನಿಮಿಷವೂ ಬಿಡಬೇಡ ಮಾರಾಯ್ತಿ, ಅವರಿಗೆ ಅಲ್ಲಿನ ಭಾಷೆ ಬರುವುದಿಲ್ಲ" ಎಂದು ಅವರು ದಿನಾ ಫೋನಿನಲ್ಲಿ ಹೇಳುತ್ತಿದ್ದರು. ನನಗೆ ಬರುತ್ತದೆಯೇ ಎಂದು ಮಾತ್ರ ಕೇಳಲಿಲ್ಲ.

ನಮ್ಮ ಪಾಸು ರೈಲು, ಬಸ್ಸು, ದೋಣಿ ಎಲ್ಲದಕ್ಕೂ ನಡೆಯುತ್ತಿತ್ತು. ವೆಂಗೆನ್ ದಾಟಿದ ಮೇಲೆ ಮಾತ್ರ ಬೇರೆ ಟಿಕೆಟು. ಲೌಟರ್‌ಬ್ರುನೆನ್‌ನಲ್ಲಿ ಕಡಿದಾದ ಬೆಟ್ಟ ಏರುವ ಹಲ್ಲುಹಳಿಯ ಸಣ್ಣ ರೈಲು ಹತ್ತಿದೆವು. ಬಂಡೆಯ ನೆತ್ತಿಯಿಂದ ಬಿದ್ದ ನೀರು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಪುಡಿಯಾಗುತ್ತಿತ್ತು. ಕಟಪಾಡಿ ಪೇಟೆಯಲ್ಲಿ ಮೀನು ಮಾರಿಯೇ ಮಕ್ಕಳನ್ನು ಓದಿಸಿದ ಅತ್ತೆ ಕಿಟಕಿಗೆ ಹಣೆ ಒತ್ತಿ, "ನೀರು ಕೆಳಗೆ ಬರುವುದೇ ಇಲ್ಲ, ನೋಡು!" ಎಂದರು. ನಾನು ಹೌದು ಹೌದು ಎಂದೆ. ನನ್ನ ಕಣ್ಣೆಲ್ಲ ಮೊಬೈಲಿನ ವೇಳಾಪಟ್ಟಿಯಲ್ಲಿತ್ತು.

ವೆಂಗೆನ್ ದಾಟಿದ ಮೇಲೆ ಅತ್ತೆ ಎದ್ದು ಬಾಗಿಲ ಬಳಿ ನಿಂತರು. ಯಾರಾದರೂ ಗುಂಡಿ ಒತ್ತಿದರಷ್ಟೇ ರೈಲು ನಿಲ್ಲುವ ಪುಟ್ಟ ಸ್ಟೇಷನ್ನೊಂದು ಬಂತು. ಮಗುವಿನ ಗಾಡಿ ಹಿಡಿದ ಹೆಂಗಸೊಬ್ಬಳು ಅಲ್ಲಿ ಇಳಿಯುವವಳಿದ್ದಳು. ಉಡುಪಿ–ಕಾರ್ಕಳ ಬಸ್ಸಿನಲ್ಲಿ ಬಾಗಿಲಲ್ಲಿ ನಿಂತವರು, ಹಿರಿಯಡ್ಕದಲ್ಲಿ ಜನ ಇಳಿಯುವಾಗ ತಾವೂ ಇಳಿದು ದಾರಿ ಬಿಟ್ಟು ಮತ್ತೆ ಹತ್ತುತ್ತಾರೆ. ಅಲ್ಲಿಯವರೆಗೆ ಕಂಡಕ್ಟರ್ ಸೀಟಿ ಊದುವುದಿಲ್ಲ. ಅತ್ತೆ ಹಾಗೆಯೇ ಇಳಿದರು, ಗಾಡಿಗೂ ಒಂದು ಕೈ ಕೊಟ್ಟರು. ಇಲ್ಲಿ ಸೀಟಿ ಊದುವವನೇ ಇಲ್ಲ. ಬಾಗಿಲು ತಾನಾಗಿ ಮುಚ್ಚಿತು, ರೈಲು ಹೊರಟಿತು.

"ಹೋಲ್ಡನ್! ಹೋಲ್ಡನ್!" ಎಂದು, ನಮ್ಮೂರಲ್ಲಿ ಬಸ್ಸು ನಿಲ್ಲಿಸಲು ಕೂಗುವ ಹಾಗೆಯೇ ಕೂಗಿದೆ. ಯಾರು ಹೋಲ್ಡನ್ ಮಾಡುತ್ತಾರೆ? ಗಾಜಿನಾಚೆ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಹಿಂದೆ ಉಳಿದರು. ಅವರ ಹತ್ತಿರ ಫೋನಿಲ್ಲ, ಟಿಕೆಟು ಪಾಸ್‌ಪೋರ್ಟು ಎಲ್ಲ ನನ್ನ ಚೀಲದಲ್ಲಿ.

ಎದುರು ಕೂತಿದ್ದ ಹಿರಿಯರೊಬ್ಬರು ನಿಧಾನವಾದ ಇಂಗ್ಲಿಷಿನಲ್ಲಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸು ರೈಲು ಹಿಡಿಯಿರಿ, ಒಳಗಿನ ಗುಂಡಿ ಒತ್ತಲು ಮಾತ್ರ ಮರೆಯಬೇಡಿ ಎಂದರು. ಇಳಿದು ಕಾದೆ. ಅತ್ತೆ ಹಳಿ ಹಿಡಿದು ನಡೆದು ಬಂದರೆ? ಸಿಕ್ಕಿದ ರೈಲು ಹತ್ತಿ ಎಲ್ಲಿಗಾದರೂ ಹೋದರೆ? ಕಳೆದದ್ದು ಸಿಗಲಿ ಎಂದು ನಮ್ಮ ಕಡೆ ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೇಳುತ್ತಾರೆ. ನಾನೂ ಹೇಳಿದೆ. ಅತ್ತೆಯನ್ನೇ ಕಳೆದುಕೊಂಡು ಹರಕೆ ಹೇಳಿದವರು ನನಗಿಂತ ಮೊದಲು ಯಾರಾದರೂ ಇದ್ದರೋ ಗೊತ್ತಿಲ್ಲ.

ವಾಪಸು ರೈಲು ಹತ್ತಿ, ಅದು ಅತ್ತೆ ಇಳಿದ ಸ್ಟೇಷನ್ನಿನಲ್ಲಿ ನಿಲ್ಲುವವರೆಗೂ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಮಳೆ ನಿಂತಿತ್ತು. ಅತ್ತೆ ಮರದ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ರೈಲಿನ ಕಡೆ ತಿರುಗಿಯೂ ನೋಡಲಿಲ್ಲ.

"ಅತ್ತೆ! ನಿಮಗೆ ಹೆದರಿಕೆ ಆಗಲಿಲ್ವಾ?"

"ಎಂತ ಹೆದರಿಕೆ? ನೀನು ಬರ್ತಿ ಅಂತ ಗೊತ್ತುಂಟಲ್ಲ. ಕೂತ್ಕೋ. ಈಗಷ್ಟೇ ಮೋಡ ಹೋದದ್ದು."

ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಕೂತೆ. ಎದುರಿಗೆ ಹಿಮದ ಬೆಟ್ಟ. ದಿನಾ ಕಡಲು ನೋಡುವ ನಮಗೆ ದೊಡ್ಡದೆಂದರೆ ಅಡ್ಡಕ್ಕೆ ಹರಡಿಕೊಂಡದ್ದು. ಇದು ನೆಟ್ಟಗೆ ಎದ್ದು ನಿಂತಿತ್ತು. ತುದಿ ನೋಡಬೇಕಾದರೆ ಕತ್ತು ಹಿಂದಕ್ಕೆ ಬಾಗಿಸಬೇಕು. ಎತ್ತರದಲ್ಲೆಲ್ಲೋ ಹಿಮ ಜಾರಿತು, ಸದ್ದು ಆಮೇಲೆ ಬಂತು.

ಮೇಲಕ್ಕೆ ಹೋಗುವ ರೈಲು ಕೆಳಗಿನಿಂದ ಬರುವುದು ಕಂಡಿತು. ಅದನ್ನು ನಿಲ್ಲಿಸಲು ಸ್ಟೇಷನ್ನಿನ ಗುಂಡಿ ಒತ್ತಲೆಂದು ಎದ್ದೆ. ಅತ್ತೆ ಕೈ ಹಿಡಿದು ಕೂರಿಸಿದರು.

"ತಲೆ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ಇಡೀ ಆಯುಷ್ಯ ಬಸ್ಸಿನ ಹಿಂದೆ ಓಡಿದ್ದೇನೆ. ಇದೊಂದು ಹೋಗಲಿ."

ರೈಲು ನಿಲ್ಲದೆ ನಮ್ಮೆದುರೇ ಹಾದುಹೋಯಿತು. ಅತ್ತೆ ಅದಕ್ಕೆ ಕೈಬೀಸಿದರು.